ಮಿಲಿಯನ್ ಡಾಲರ್ ಅಂದ್ರೆ ಟಿಕೆಟ್ ರೇಟ್ ಅಲ್ಲ!

ಪ್ರಶ್ನೆ: ಮಗಳ ಮನೆಗೆ ಅಂತ ಲಾಸ್ ಏಂಜಲೀಸ್‌ಗೆ ಹೋಗಿದ್ವಿ. ಡೌನ್‌ಟೌನ್‌ನ ಬ್ರಾಡ್‌ವೇ ರಸ್ತೇಲಿ, ಗ್ರ್ಯಾಂಡ್ ಸೆಂಟ್ರಲ್ ಮಾರ್ಕೆಟ್ ಪಕ್ಕದಲ್ಲೇ ಒಂದು ಹಳೇ ಟಾಕೀಸು, 'ಮಿಲಿಯನ್ ಡಾಲರ್' ಅಂತ ಬೋರ್ಡು, ಗೋಡೆ ಮೇಲೆ ದನದ ಬುರುಡೆ ಕೆತ್ತಿದಾರೆ! ಬಾಗಿಲು ಮುಚ್ಚಿತ್ತು. ಏನಿದರ ಕಥೆ? (ಓದುಗರೊಬ್ಬರು, ಮೈಸೂರು)

ಉತ್ತರ: ಒಳಗೆ ಹೋಗೋಕೆ ಆಗ್ಲಿಲ್ವಲ್ಲ ಅಂತ ನನಗೂ ಬೇಜಾರಾಯ್ತು. ಕಟ್ಟಿಸಿದ್ದು ಸಿಡ್ ಗ್ರಾಮನ್, ಮುಂದೆ ಹಾಲಿವುಡ್‌ನಲ್ಲಿ ಚೈನೀಸ್ ಥಿಯೇಟರ್ ಕಟ್ಟಿಸಿದ್ದೂ ಇದೇ ಪುಣ್ಯಾತ್ಮ. ಇದು ಶುರುವಾಗಿದ್ದು 1918ರ ಫೆಬ್ರವರಿ 1ಕ್ಕೆ, ವಿಲಿಯಂ ಎಸ್. ಹಾರ್ಟ್‌ನ ಕೌಬಾಯ್ ಮೂಕಿಚಿತ್ರದಿಂದ. ಕಟ್ಟೋಕೆ ಹತ್ತು ಲಕ್ಷ ಡಾಲರ್ ಆಯ್ತು ಅಂತ ಹೇಳ್ಕೊಂಡಿದ್ರು, ಹೆಸರು ಬಂದಿದ್ದು ಅಲ್ಲಿಂದ. ಸಿನಿಮಾ ಅಂದ್ರೆ ಸಣ್ಣ ಅಂಗಡಿಯಂಥ ಜಾಗದಲ್ಲಿ ಬೆಂಚ್ ಹಾಕಿ ತೋರಿಸ್ತಿದ್ದ ಕಾಲ ಮುಗಿದು ಆಗಿನ್ನೂ ಜಾಸ್ತಿ ದಿನ ಆಗಿರ್ಲಿಲ್ಲ, ಅಂಥಾದ್ರಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಸೀಟು, ಅರಮನೆ ಥರ ಒಳಾಂಗಣ, ದುಡಿಯೋ ಜನ ಒಂದು ಟಿಕೆಟ್ ತಗೊಂಡು ರಾಜರ ಹಾಗೆ ಕೂರ್ಬಹುದಿತ್ತು ನೋಡಿ.

ಆರ್ಕಿಟೆಕ್ಟ್ ಆಲ್ಬರ್ಟ್ ಸಿ. ಮಾರ್ಟಿನ್. ಮೊದಲನೇ ಮಹಾಯುದ್ಧದ ಟೈಮು, ಸ್ಟೀಲ್ ಸಿಗ್ತಿರ್ಲಿಲ್ಲ, ಅದಕ್ಕೇ ಬಾಲ್ಕನಿ ಹೊರೋ ಆ ಭಾರೀ ತೊಲೇನ ಕಾಂಕ್ರೀಟ್‌ನಲ್ಲೇ ಮಾಡಿದ್ರು, ಅಷ್ಟು ಜನ ಕೂತ್ರೆ ಕುಸಿಯುತ್ತೇನೋ ಅಂತ ಮರಳು ಮೂಟೆ ಪೇರಿಸಿ ಪರೀಕ್ಷೆನೂ ಮಾಡಿದ್ರು. ನೀವು ನೋಡಿದ ಬುರುಡೆಗಳು ಉದ್ದ ಕೊಂಬಿನ ಎತ್ತಿನವು, ಶಿಲ್ಪಿ ಜೋಸೆಫ್ ಮೋರಾ ಕೈಚಳಕ. ಅಲ್ಲಿನ ಹಳೇ ಗೋಪಾಲಕರ ಬದುಕು ಅಂದ್ರೆ ಅವನಿಗೆ ಪ್ರಾಣ.

ಆದ್ರೆ ನನ್ನ ಪ್ರಕಾರ ಈ ಕಟ್ಟಡದ ಅಸಲಿ ಕಥೆ ಇರೋದು ಆಮೇಲೆ. ಹೊಸ ಸಿನಿಮಾ ಎಲ್ಲ ಹಾಲಿವುಡ್ ಬಡಾವಣೆಯ ಟಾಕೀಸುಗಳ ಕಡೆ ಹೋಯ್ತು, ದುಡ್ಡಿದ್ದೋರು ಊರಾಚೆ ಮನೆ ಮಾಡ್ಕೊಂಡ್ರು, ಬ್ರಾಡ್‌ವೇ ಖಾಲಿ ಆಗ್ತಾ ಬಂತು. ಆಗ ಕೈ ಹಿಡಿದೋರು ಮೆಕ್ಸಿಕನ್ ಜನ. 1950ರ ಹೊತ್ತಿಗೆ ಇಲ್ಲಿ ಸ್ಪ್ಯಾನಿಷ್ ಸಿನಿಮಾ, ಜೊತೆಗೆ ಸ್ಟೇಜ್ ಮೇಲೆ ಹಾಡು ಕುಣಿತ, ಮರಿಯಾ ಫೆಲಿಕ್ಸ್‌ನಂಥ ದೊಡ್ಡ ತಾರೆಯರೇ ಬಂದು ನಿಲ್ತಿದ್ರು. ದೂರದೂರಲ್ಲಿ ದುಡಿಯೋರಿಗೆ ತಮ್ಮ ಭಾಷೆ ಕೇಳಿಸೋ ಜಾಗ ಅಂದ್ರೆ ಏನು ಅಂತ ಹೊರಗಡೆ ಇರೋ ನಮ್ಮ ಮಕ್ಕಳನ್ನ ಕೇಳಿ, ಹೇಳ್ತಾರೆ.

ಆಮೇಲೆ ಸ್ವಲ್ಪ ಕಾಲ ಚರ್ಚ್ ಆಗಿತ್ತು. ಈಗ ಮೇಲಿನ ಮಹಡಿಗಳಲ್ಲಿ ಅಪಾರ್ಟ್‌ಮೆಂಟ್‌ಗಳಿವೆ. ಮುಂದಿನ ಸಲ ಹೋದ್ರೆ ಎದುರಿಗಿರೋ 1893ರ ಬ್ರಾಡ್ಬರಿ ಬಿಲ್ಡಿಂಗ್ ಹತ್ರ ನಿಂತು ತಲೆ ಎತ್ತಿ ನೋಡಿ, ಪಕ್ಕದಲ್ಲಿ ನಿಂತ್ರೆ ಆ ಕೆತ್ತನೆ ಪೂರ್ತಿ ಕಾಣಲ್ಲ.