ಪತ್ತೇದಾರಿ ಕಾದಂಬರಿ ಬರೆಯುವವರ ದಿನ ಹೇಗಿರುತ್ತದೆ? ಯಾವಾಗಲೂ ಕೊಲೆಯ ಬಗ್ಗೆಯೇ ಯೋಚಿಸುತ್ತೀರಾ?

ಕೊಲೆಯ ಬಗ್ಗೆ ಯೋಚಿಸುವುದು ಕಡಿಮೆ. ಹೊತ್ತಿನ ಲೆಕ್ಕ ಹಾಕುವುದೇ ಜಾಸ್ತಿ. ಯಾರು ಎಷ್ಟು ಗಂಟೆಗೆ ಎಲ್ಲಿದ್ದರು, ಅದನ್ನು ಯಾರು ನೋಡಿದರು. ನನ್ನ ಕೆಲಸದಲ್ಲಿ ಮುಕ್ಕಾಲು ಪಾಲು ಇದೇ.

ಒಂದು ಉದಾಹರಣೆ ಹೇಳುತ್ತೇನೆ. ನನ್ನ ಕಾದಂಬರಿ ಅರ್ಧ ಆಗಿದ್ದಾಗ, 2024ರ ಜುಲೈ 1ಕ್ಕೆ ಹೊಸ ಕ್ರಿಮಿನಲ್ ಕಾನೂನುಗಳು ಜಾರಿಗೆ ಬಂದವು. ಕೊಲೆಗೆ ಎಲ್ಲರ ಬಾಯಲ್ಲೂ ಇದ್ದ ಸೆಕ್ಷನ್ 302 ಹೋಗಿ 103 ಆಯಿತು. ಅದೇನೋ ಪೆನ್ನಲ್ಲಿ ತಿದ್ದಿಬಿಡಬಹುದಿತ್ತು. ಆದರೆ ಶೋಧ, ಜಪ್ತಿ ಮಾಡುವಾಗ ವಿಡಿಯೋ ಮಾಡಲೇಬೇಕು ಅಂತಲೂ ಆಯಿತು. ನನ್ನ ಕಥೆಯಲ್ಲಿ ಒಬ್ಬ ಎಸ್‌ಐ ಮಹಜರಿನ ಹೊತ್ತಿಗೆ ತಾನೇ ಒಂದು ಚಾಕು ತಂದಿಡುತ್ತಿದ್ದ. ಇಡೀ ಕಥೆ ನಿಂತಿದ್ದೇ ಅದರ ಮೇಲೆ. ಹಾಗಾಗಿ ಕಥೆಯನ್ನು 2023ರ ಜೂನ್‌ಗೆ ಹಿಂದೆ ತಳ್ಳಿದೆ. ಆಗ ನಡೆದ ಕೊಲೆಗೆ ಹಳೇ ಸೆಕ್ಷನ್ನೇ ಅಲ್ವಾ.

ತಳ್ಳಿದ ಮೇಲೆ ಬೆಂಗಳೂರಿನ ಮೆಟ್ರೋ ಅಡ್ಡ ಬಂತು. ನನ್ನ ಕೊಲೆಗಾರ ವೈಟ್‌ಫೀಲ್ಡ್‌ನಲ್ಲಿ ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿಯುತ್ತಿದ್ದ. ಆದರೆ ಕೆ.ಆರ್. ಪುರ ಮತ್ತು ಬೈಯಪ್ಪನಹಳ್ಳಿ ನಡುವಿನ ದಾರಿ ಶುರುವಾಗಿದ್ದು 2023ರ ಅಕ್ಟೋಬರ್ 9ಕ್ಕೆ. ಜೂನ್‌ನಲ್ಲಿ ಅವನು ಕೆ.ಆರ್. ಪುರದಲ್ಲಿ ಇಳಿದು, ಬಸ್ ಹಿಡಿದು, ಬೈಯಪ್ಪನಹಳ್ಳಿಯಲ್ಲಿ ಮತ್ತೆ ಮೆಟ್ರೋ ಹತ್ತಬೇಕು. ಮೊದಲು ಬೇಜಾರಾಯಿತು. ಆಮೇಲೆ ಹೊಳೆಯಿತು, ಬಸ್ಸಲ್ಲಿ ಕಂಡಕ್ಟರ್ ಇರುತ್ತಾನೆ. ಚಿಲ್ಲರೆಗೆ ಜಗಳ ಆದರೆ ಮುಖ ನೆನಪಿಟ್ಟುಕೊಳ್ಳುತ್ತಾನೆ. ನನಗೆ ಸಾಕ್ಷಿ ಸಿಕ್ಕಿದ್ದೇ ಹಾಗೆ. ಆ ಅಧ್ಯಾಯ ನನಗೆ ಇವತ್ತಿಗೂ ತುಂಬಾ ಇಷ್ಟ.

ಇನ್ನು ದಿನಚರಿ. ಬಸವನಗುಡಿಯಲ್ಲಿ ನನ್ನ ಮನೆ. ಐದೂವರೆಗೆ ಎದ್ದು ಕಾಫಿ ಹಿಡಿದು ಕಿಟಕಿ ಪಕ್ಕ ಕೂರುತ್ತೇನೆ. ಹಾಲಿನ ಹುಡುಗ ಗೇಟಿಗೆ ತೂಗುಹಾಕಿದ ಚೀಲಗಳಿಗೆ ಪ್ಯಾಕೆಟ್ ಹಾಕುತ್ತಾ ಹೋಗುತ್ತಾನೆ. ಆಮೇಲೆ ಪೇಪರ್‌ನವನು. ಆರೂಕಾಲಿಗೆ ಎದುರುಮನೆ ಅಜ್ಜಿ ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡುತ್ತಾರೆ. ಅವರೊಬ್ಬರೇ ಇರುವುದು. ಕಸದ ಆಟೋ ಹಾಡು ಹಾಕಿಕೊಂಡು ಬಂದು ಹೋದ ಮೇಲೆ ನಾನು ಬರೆಯಲು ಕೂರುತ್ತೇನೆ. ಮಧ್ಯಾಹ್ನದವರೆಗೆ ಬರವಣಿಗೆ, ಸಂಜೆ ನಡಿಗೆ. ಅಷ್ಟೇ.

ಹೋದ ವರ್ಷ ಒಂದು ಬೆಳಿಗ್ಗೆ ಏಳಾದರೂ ರಂಗೋಲಿ ಇರಲಿಲ್ಲ. ನೆಲ ಒಣಗಿತ್ತು. ಹಿಂದಿನ ದಿನದ ಎಳೆಗಳು ಚಪ್ಪಲಿ ತುಳಿತಕ್ಕೆ ಅರ್ಧ ಅಳಿಸಿ ಹಾಗೇ ಇದ್ದವು. ಹಾಲಿನ ಚೀಲ ಗೇಟಲ್ಲೇ ನೇತಾಡುತ್ತಿತ್ತು. ಊರಿಗೆ ಹೋಗುವುದಿದ್ದರೆ ಅಜ್ಜಿ ಹಾಲು ಬೇಡ ಅಂತ ಹಿಂದಿನ ದಿನವೇ ಹೇಳುತ್ತಾರೆ. ಕಾಫಿ ಬಿಟ್ಟು ಓಡಿದೆ. ಬಾಗಿಲು ಬಡಿದರೆ ಒಳಗಿಂದ ಸಣ್ಣ ದನಿ. "ಬಚ್ಚಲಲ್ಲಿ ಜಾರಿಬಿದ್ದೆ ಕಣಪ್ಪಾ, ಏಳಕ್ಕಾಗ್ತಿಲ್ಲ." ಪಕ್ಕದ ಮನೆಯಲ್ಲಿ ಇನ್ನೊಂದು ಬೀಗದ ಕೈ ಇತ್ತು. ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು.

ಈಗ ಅವರು ವಾಕರ್ ಹಿಡಿದು ಬಾಗಿಲವರೆಗೆ ಬರುತ್ತಾರೆ. ರಂಗೋಲಿ ಇಡುವುದು ಕೆಲಸಕ್ಕೆ ಬರುವ ಹುಡುಗಿ. ಅಜ್ಜಿ ಕುರ್ಚಿಯಲ್ಲಿ ಕೂತು, ಎಳೆ ಎಲ್ಲಿ ತಪ್ಪಿತು ಅಂತ ಬೆರಳು ತೋರಿಸಿ ಹೇಳುತ್ತಾರೆ. ಆರೂಕಾಲಿಗೆ ಸರಿಯಾಗಿ.