ಹಲ್ಲಿನ ಡಾಕ್ಟರನ್ನು ಕೇಳಿ: ಬೇವಿನ ಕಡ್ಡಿ ತಿಕ್ಕಿದರೂ ಬಾಯಿ ವಾಸನೆ ಯಾಕೆ?

ಪ್ರಶ್ನೆ: ನನಗೆ 46 ವರ್ಷ. ಚಿಕ್ಕಂದಿನಿಂದ ಬೇವಿನ ಕಡ್ಡಿಯಲ್ಲೇ ಹಲ್ಲು ತಿಕ್ಕುತ್ತೇನೆ. ಒಂದು ಹಲ್ಲೂ ಹುಳುಕಾಗಿಲ್ಲ. ಆದರೆ ಹತ್ತಿರ ಕೂತರೆ ವಾಸನೆ ಬರುತ್ತದೆ ಅಂತ ಮನೆಯವರು ಹೇಳುತ್ತಾರೆ. ಕಡ್ಡಿ ಬಿಟ್ಟು ಪೇಸ್ಟ್ ಹಿಡಿಯಿರಿ ಅಂತ ಮಗಳದ್ದು ಒಂದೇ ಹಠ. ಏನು ಮಾಡಲಿ? (ಓದುಗರು, ಕುಷ್ಟಗಿ ತಾಲ್ಲೂಕು)

ಉತ್ತರ: ಕಡ್ಡಿ ಬಿಡಬೇಡಿ. ಮಗಳ ಮಾತನ್ನೂ ತಳ್ಳಿಹಾಕಬೇಡಿ.

ಕೊಪ್ಪಳ ಕಡೆಯ ರೈತರು ನನ್ನ ಕುರ್ಚಿಯಲ್ಲಿ ಕೂತು ಬಾಯಿ ತೆರೆದರೆ ಕಾಣುವುದು ಹೆಚ್ಚುಕಡಿಮೆ ಒಂದೇ ನೋಟ. ಮುಂದಿನ ಹಲ್ಲುಗಳ ಹೊರಮೈ ಥಳಥಳ. ಚಿಕ್ಕ ಕನ್ನಡಿ ಒಳಗೆ ಹಾಕಿ ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿ ನೋಡಿದರೆ ಹಳದಿ ಗಾರೆ ಕಲ್ಲಿನ ಹಾಗೆ ಕೂತಿರುತ್ತದೆ. ದವಡೆ ಹಲ್ಲಿನ ಒಳಬದಿಯಲ್ಲಿ ಪಾಚಿ. ಬಾಗಿಲಿಗೆ ರಂಗೋಲಿ ಹಾಕಿ ಹಿತ್ತಲು ಗುಡಿಸದೆ ಬಿಟ್ಟಂತೆ!

ಇದು ಬೇವಿನ ತಪ್ಪಲ್ಲ, ಕಡ್ಡಿಯ ಆಕಾರದ್ದು. ಬ್ರಶ್ಶಿನಲ್ಲಿ ಎಳೆಗಳು ಹಿಡಿಗೆ ಅಡ್ಡಲಾಗಿರುತ್ತವೆ. ಕಡ್ಡಿಯಲ್ಲಿ ಎಳೆ ತುದಿಗೆ ನೇರ. ಹೊರಮೈಗೆ ಸುಲಭವಾಗಿ ತಾಗುತ್ತದೆ, ಒಳಬದಿಗೆ ತಿರುಗಿಸುವುದು ಕಷ್ಟ. ಕಟ್ಟೆಯ ಮೇಲೆ ಕೂತು ಮಾತಾಡ್ತಾ ತಿಕ್ಕಿದರೆ ಕೈ ಮುಂದಿನ ಹಲ್ಲಲ್ಲೇ ನಿಂತುಬಿಡುತ್ತದೆ, ಅಲ್ವಾ?

ಕಿರುಬೆರಳಿಗಿಂತ ಸಣ್ಣ, ಒಂದು ಗೇಣು ಉದ್ದದ ಹಸಿ ಕಡ್ಡಿ ತಗೊಳ್ಳಿ. ತುದಿಯಲ್ಲಿ ಅರ್ಧ ಬೆರಳಷ್ಟು ಸಿಪ್ಪೆ ಸುಲಿದು, ಎರಡೂ ದವಡೆಯಲ್ಲಿ ಬದಲಿಸಿ ಬದಲಿಸಿ ನಿಧಾನಕ್ಕೆ ಜಗಿಯಿರಿ. ಹೀಗೆ ಜಗಿಯುವಾಗ ಊರುವ ಜೊಲ್ಲೇ ಅರ್ಧ ಕೆಲಸ ಮಾಡುತ್ತದೆ. ಎಳೆ ಮೆತ್ತಗಾದ ಮೇಲೆ ತಿಕ್ಕಿ. ಗರಗಸ ಎಳೆದಂತೆ ಅಡ್ಡಡ್ಡ ಬೇಡ, ಒಸಡು ಕೆಳಗಿಳಿದು ಹಲ್ಲಿನ ಬೇರು ಹೊರಗೆ ಬರುತ್ತದೆ. ಒಸಡಿನಿಂದ ಹಲ್ಲಿನ ಕಡೆಗೆ, ಮೇಲಿನದ್ದು ಕೆಳಕ್ಕೆ, ಕೆಳಗಿನದ್ದು ಮೇಲಕ್ಕೆ. ಒಳಬದಿಗೆ ಹೋಗುವಾಗ ಬಾಯಿ ಅಗಲ ತೆರೆದು ಕಡ್ಡಿಯನ್ನು ಎದುರು ದವಡೆಯ ಮೇಲಿಂದ ಓರೆಯಾಗಿ ತನ್ನಿ. ನಾಳೆಗೆ ಅದೇ ತುದಿ ಬೇಡ.

ಇನ್ನು ವಾಸನೆ. ಅದು ಬಹಳಷ್ಟು ಸಲ ಹಲ್ಲಿಂದ ಅಲ್ಲ, ನಾಲಿಗೆಯ ಹಿಂಭಾಗದ ಬಿಳಿ ಪದರದಿಂದ ಬರುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾ ಗಂಧಕದ ಗಾಳಿ ಬಿಡುತ್ತವೆ. ಹಳೆಯ ಕಾಲದವರು ತಿಕ್ಕಿದ ಮೇಲೆ ಕಡ್ಡಿಯನ್ನು ಉದ್ದಕ್ಕೆ ಸೀಳಿ, ಎರಡು ಕೈಯಲ್ಲಿ ಬಿಲ್ಲಿನಂತೆ ಬಗ್ಗಿಸಿ, ಒಳಗಿಂದ ಹೊರಕ್ಕೆ ನಾಲಿಗೆ ಎಳೆದು ತೊಳೆಯುತ್ತಿದ್ದರು. ನೋಡಿದರೆ ಬಹಳ ಜಾಣ ಉಪಾಯ. ಈಗಿನವರು ಕಡ್ಡಿ ಹಿಡಿದರೂ ಆ ಸೀಳೋದನ್ನು ಬಿಟ್ಟಿದ್ದಾರೆ. ನೀವೂ ಬಿಟ್ಟಿರಬಹುದು ಅಂತ ನನ್ನ ಗುಮಾನಿ.

ಮಗಳ ಪೇಸ್ಟಿಗೆ ರಾತ್ರಿ ಜಾಗ ಕೊಡಿ. ನಿದ್ದೆಯಲ್ಲಿ ಜೊಲ್ಲು ಕಮ್ಮಿಯಾಗುತ್ತದೆ, ಹುಳುಕಿಗೆ ಅದೇ ಹೊತ್ತು. ಬೇವಿಗೆ ಬ್ಯಾಕ್ಟೀರಿಯಾ ತಡೆಯುವ ಗುಣ ಇದೆ, ಆದರೆ ಫ್ಲೋರೈಡ್ ಪೇಸ್ಟಿನಂತೆ ಹಲ್ಲಿನ ಹೊದಿಕೆಯನ್ನು ಗಟ್ಟಿ ಮಾಡುವ ಕೆಲಸ ಬೇವಿನಿಂದ ಆಗುವುದಿಲ್ಲ. ಮಲಗುವ ಮುಂಚೆ ಬ್ರಶ್ಶಿನಲ್ಲಿ ತಿಕ್ಕಿ, ಉಗಿದು ಸುಮ್ನೆ ಮಲಗಿ. ಲೋಟಗಟ್ಟಲೆ ನೀರಲ್ಲಿ ಮುಕ್ಕಳಿಸಬೇಡಿ.

ಇಷ್ಟು ಮಾಡಿದರೂ ವಾಸನೆ ಉಳಿದರೆ, ಅಥವಾ ಉಗುಳಿನಲ್ಲಿ ರಕ್ತ ಕಂಡರೆ, ದಂತ ವೈದ್ಯರ ಹತ್ತಿರ ಸ್ಕೇಲಿಂಗ್ (ಗಾರೆ ಕೆರೆದು ತೆಗೆಯುವುದು) ಮಾಡಿಸಿ. ಕಲ್ಲಾದ ಗಾರೆ ಕಡ್ಡಿಗೂ ಬಗ್ಗದು, ಬ್ರಶ್ಶಿಗೂ ಬಗ್ಗದು. ಸಕ್ಕರೆ ಕಾಯಿಲೆಯಿಂದಲೂ ಒಸಡು ಕೆಡಬಹುದು, ಅದರ ಪರೀಕ್ಷೆಯನ್ನೂ ಮಾಡಿಸಿ. ಗುಟ್ಕಾ ಇದ್ದರೆ ಮೊದಲು ಅದನ್ನು ಬಿಡಿ. ನಮ್ಮ ರಾಜ್ಯದಲ್ಲಿ 2013ರಲ್ಲೇ ನಿಷೇಧ ಆಗಿದೆ, ಬಾಯಿಗಳಲ್ಲಿ ಮಾತ್ರ ಇನ್ನೂ ಆಗಿಲ್ಲ!

ಪ್ರಶ್ನೆ: ನಮ್ಮ ಹೊಲದ ಬದುವಿನ ತುಂಬ ಜಾಲಿ. ಜಾಲಿ ಕಡ್ಡಿ ಒಸಡಿಗೆ ಒಳ್ಳೆಯದು ಅಂತಾರೆ. ಬಳಸಬಹುದಾ? (ಓದುಗರು, ಸಿರುಗುಪ್ಪ)

ಉತ್ತರ: ಯಾವ ಜಾಲಿ ಅಂತ ಮೊದಲು ನೋಡಿ. ಹಿರಿಯರು ಹೇಳುತ್ತಿದ್ದದ್ದು ಕರಿಜಾಲಿ. ಅದರ ಹೂವು ಹಳದಿ ಗುಂಡು, ಕಾಯಿ ಮಣಿ ಪೋಣಿಸಿದ ಸರದ ಹಾಗೆ. ತೊಗಟೆಯಲ್ಲಿ ಒಗರು ಜಾಸ್ತಿ, ಒಸಡು ಬಿಗಿಯಾದಂತೆ ಅನಿಸುವುದು ಅದರಿಂದಲೇ. ಈಗ ಎಲ್ಲೆಡೆ ಹಬ್ಬಿರುವುದು ಬಳ್ಳಾರಿ ಜಾಲಿ. ಹೆಸರು ನಮ್ಮದು, ಗಿಡ ಅಮೆರಿಕ ಖಂಡದ್ದು, 19ನೇ ಶತಮಾನದಲ್ಲಿ ಈ ದೇಶಕ್ಕೆ ಬಂದದ್ದು. ಹೂವು ಉದ್ದನೆಯ ತೆನೆ, ಕಾಯಿ ಚಪ್ಪಟೆ, ಕುರಿಗಳಿಗೆ ಪ್ರೀತಿ. ಮುಳ್ಳು ಚುಚ್ಚಿದರೆ ಬಾವು ಬರುತ್ತದೆ. ಅದನ್ನು ಒಲೆಗೆ ಹಾಕಿ, ಬಾಯಿಗೆ ಬೇಡ. ಎಕ್ಕ, ಕಣಗಿಲೆ ಅಂತೂ ಮುಟ್ಟಲೇಬೇಡಿ, ಎರಡೂ ವಿಷ.

ಇನ್ನೊಂದು ಮಾತು. ಭತ್ತಕ್ಕೆ, ಮೆಣಸಿನಕಾಯಿಗೆ ಔಷಧಿ ಹೊಡೆಯುವ ಹೊಲದ ಬದುವಿನ ಗಿಡ ಬೇಡ. ಹಿತ್ತಲಿನ ಬೇವು ಸಾಕು, ಅದನ್ನೂ ತೊಳೆದೇ ಬಾಯಿಗಿಡಿ.

ಪ್ರಶ್ನೆ: ಮಗನಿಗೆ 11 ವರ್ಷ. ಹಲ್ಲಿನ ಮೇಲೆ ಕಂದು ಗೆರೆ. ಬೇವಿನ ಕಡ್ಡಿಯಲ್ಲಿ ಜೋರಾಗಿ ತಿಕ್ಕಿಸಿದರೂ ಹೋಗಲಿಲ್ಲ. ಪೇಸ್ಟಿನಲ್ಲೂ ಫ್ಲೋರೈಡ್ ಇದೆಯಂತೆ, ನಿಲ್ಲಿಸಲಾ? (ತಾಯಿ, ಲಿಂಗಸುಗೂರು ತಾಲ್ಲೂಕು)

ಉತ್ತರ: ಜೋರಾಗಿ ತಿಕ್ಕಿಸುವುದನ್ನು ಇವತ್ತೇ ನಿಲ್ಲಿಸಿ ತಾಯಿ. ನೀವು ಹೇಳಿದ್ದು ನೋಡಿದರೆ ಇದು ಬೋರ್ ನೀರಿನ ಫ್ಲೋರೈಡ್ ಕಲೆ ಇರಬಹುದು. ಹಲ್ಲು ದವಡೆಯೊಳಗೆ ಬೆಳೆಯುವಾಗಲೇ ಒಳಗೆ ಮೂಡಿದ್ದು, ಮೇಲೆ ಅಂಟಿದ ಕೊಳೆಯಲ್ಲ. ಕುಡಿಯುವ ನೀರಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ. ರಾಯಚೂರು, ಕೊಪ್ಪಳದ ಎಷ್ಟೋ ಊರುಗಳ ಬೋರಲ್ಲಿ ಇದು ಮೀರಿದೆ. ಕಾಯಿಸಿದರೂ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಜಾಸ್ತಿಯಾಗುತ್ತದೆ. ನದಿ ನೀರಿನ ನಲ್ಲಿ ಅಥವಾ ಶುದ್ಧ ನೀರಿನ ಘಟಕದ ನೀರು ಕುಡಿಸಿ, ಚಿಕ್ಕ ಮಕ್ಕಳಿದ್ದರೆ ಅವರಿಗೆ ಮೊದಲು. ಪೇಸ್ಟ್ ಮುಂದುವರಿಸಿ, ಬಟಾಣಿ ಕಾಳಷ್ಟು, ನುಂಗದಂತೆ ನೋಡಿಕೊಳ್ಳಿ. ಕಲೆಗೆ ದಂತ ವೈದ್ಯರ ಹತ್ತಿರ ಚಿಕಿತ್ಸೆ ಇದೆ.

ಪ್ರಶ್ನೆ: ರಂಜಾನ್ ತಿಂಗಳಲ್ಲಿ ತಂದ ಮಿಸ್ವಾಕ್ (ಹಲ್ಲು ತಿಕ್ಕುವ ಪೀಲು ಮರದ) ಕಡ್ಡಿಗಳು ಉಳಿದಿವೆ. ಒಣಗಿದ್ದರೂ ಬಳಸಬಹುದಾ? (ಓದುಗರು, ರಾಯಚೂರು)

ಉತ್ತರ: ಕಪ್ಪಾಗಿದ್ದರೆ, ಬೂಸ್ಟು ಹಿಡಿದಿದ್ದರೆ ಎಸೆಯಿರಿ. ಬರೀ ಒಣಗಿದ್ದರೆ ತುದಿ ಕತ್ತರಿಸಿ ರಾತ್ರಿ ನೀರಲ್ಲಿ ನೆನೆಹಾಕಿ. ಜಗಿದಾಗ ಸಾಸಿವೆಯಂಥ ಖಾರ ಇನ್ನೂ ತಾಗಿದರೆ ಕಡ್ಡಿಯಲ್ಲಿ ಸತ್ವ ಉಳಿದಿದೆ. ಮಿಸ್ವಾಕ್ ಬಳಸುವ ಕಡೆ ಅದನ್ನು ಪ್ರೋತ್ಸಾಹಿಸಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿದೆ. ಉಪವಾಸದಲ್ಲಿ ಬಾಯಿ ಒಣಗಿಯೇ ವಾಸನೆ ಬರುವುದು, ಹಾಗಾಗಿ ಸಹರಿ (ಉಪವಾಸಕ್ಕೆ ಮುಂಚಿನ ನಸುಕಿನ ಊಟ) ಹೊತ್ತಿಗೆ ನಾಲಿಗೆಯನ್ನೂ ತಿಕ್ಕಿ.

ಪ್ರಶ್ನೆ: ಬೇವಿನ ಕಡ್ಡಿಯ ರಸ ನುಂಗಿದರೆ ಸಕ್ಕರೆ ಕಾಯಿಲೆ ಹೋಗುತ್ತದಾ? (ಓದುಗರು, ಬಳ್ಳಾರಿ)

ಉತ್ತರ: ಹೋಗುವುದಿಲ್ಲ, ಉಗಿಯಿರಿ. ಬಸುರಿಯರು ಮತ್ತು ಮಕ್ಕಳಂತೂ ನುಂಗಲೇಬಾರದು. ರಸ ನಂಬಿ ಮಾತ್ರೆ ನಿಲ್ಲಿಸಿದವರು ಸಕ್ಕರೆ ಏರಿ, ಒಸಡು ಬಾತು, ಹಲ್ಲು ಅಲ್ಲಾಡುತ್ತಾ ನನ್ನ ಹತ್ತಿರ ಬರುತ್ತಾರೆ. ಅಷ್ಟು ಹೊತ್ತಿಗೆ ಎಷ್ಟೋ ಸಲ ಹಲ್ಲು ಕೀಳುವುದೊಂದೇ ಉಳಿದಿರುತ್ತದೆ.