ಸ್ಟ್ರ್ಯಾಪ್ ಬಿಡಿ, ಮೊದಲು ಡಿ-ರಿಂಗ್ ಅಡಿಗೆ ಏನಿದೆ ನೋಡಿ

ಟಾಯ್ ಹಾಲರ್ (ಹಿಂದೆ ಬೈಕ್ ಗ್ಯಾರೇಜ್, ಮುಂದೆ ಮಲಗೋ ಜಾಗ ಇರೋ ಟ್ರೈಲರ್) ಒಳಗೆ ಎರಡು ಬೈಕ್ ಕಟ್ಟಿ "ಎಲ್ಲಾ ರೆಡಿ, ಬೆಳಿಗ್ಗೆ ಹೊರಡೋದು" ಅಂತ ಫೋಟೋ ಹಾಕಿದ್ದೀರಲ್ಲ ಸರ್, ಹೊರಡೋಕೆ ಮುಂಚೆ ಇದನ್ನ ಓದಿಬಿಡಿ. ಕೆಳಗೆ "ಸೂಪರ್", "ಹ್ಯಾಪಿ ಜರ್ನಿ" ಅಂತ ಹಾಕಿದವರು ಯಾರೂ ಫೋಟೋ ದೊಡ್ಡದು ಮಾಡಿ ನೋಡಿದ ಹಾಗಿಲ್ಲ. ದೊಡ್ಡ ಬೈಕು ಸೈಡ್ ಸ್ಟ್ಯಾಂಡ್ ಮೇಲೇ ನಿಂತಿದೆ. ಸ್ಟ್ರ್ಯಾಪ್ ಎಲ್ಲಾ ಹ್ಯಾಂಡಲ್‌ನಿಂದಲೇ ಇಳಿದಿವೆ, ಹಿಂದಿನ ಚಕ್ರಕ್ಕೆ ಏನೂ ಇಲ್ಲ. ಎಡಗಡೆ ಮುಂದಿನ ಡಿ-ರಿಂಗ್ (ಸ್ಟ್ರ್ಯಾಪ್ ಕೊಕ್ಕೆ ಸಿಕ್ಕಿಸೋ ನೆಲದ ಉಕ್ಕಿನ ಬಳೆ) ಸುತ್ತ ಪ್ಲೈವುಡ್ ಸ್ವಲ್ಪ ಉಬ್ಬಿದೆ. ಮೊದಲ ಎರಡು ಈಗಲೇ ಸರಿಮಾಡಬಹುದು. ಮೂರನೆಯದು ಕಾಡುತ್ತೆ, ಅದರಿಂದಲೇ ಶುರು ಮಾಡ್ತೀನಿ.

ಡಿ-ರಿಂಗ್ ಮೇಲೆ ಕೆತ್ತಿರೋ ಭಾರ ಆ ಉಕ್ಕಿಗೆ ಸೇರಿದ್ದು. ಅದನ್ನ ಹಿಡಿದಿರೋ ಹಲಗೆ ಎಷ್ಟು ತಡೆಯುತ್ತೆ ಅನ್ನೋದನ್ನ ಯಾರೂ ಬರೆದಿರಲ್ಲ. ನನ್ನ ಹಳೇ ಟ್ರೈಲರ್‌ನಲ್ಲಿ ಎರಡು ರಿಂಗ್ ಅಡಿಯ ಫ್ರೇಮ್‌ನ ಅಡ್ಡ ತೊಲೆಗೆ, ಅಂದರೆ ಕ್ರಾಸ್ ಮೆಂಬರ್‌ಗೆ ಬೋಲ್ಟ್ ಆಗಿದ್ವು, ಉಳಿದವು ಬರೀ ಪ್ಲೈವುಡ್‌ಗೆ, ಅಡಿಗೆ ಒಂದೊಂದು ಪುಟಾಣಿ ವಾಷರ್. ತಯಾರಾಗಿ ಬಂದಿದ್ದೇ ಹಾಗೆ, ನಾನೂ ನಿಮ್ಮ ಹಾಗೇ ಮೇಲಿಂದ ನೋಡಿ ನಂಬಿದ್ದೆ. ಒಂದು ಸಲ ಊಟಕ್ಕೆ ನಿಲ್ಲಿಸಿ ಬಾಗಿಲು ತೆಗೆದರೆ ಬೈಕು ಗೋಡೆಗೆ ಒರಗಿದೆ, ಕ್ಲಚ್ ಲಿವರ್ ಗೋಡೆಯ ಪ್ಯಾನೆಲ್ ಒಳಗೆ ತೂರಿಕೊಂಡಿದೆ. ಸ್ಟ್ರ್ಯಾಪ್‌ಗೆ ಏನೂ ಆಗಿರಲಿಲ್ಲ, ಕೊಕ್ಕೆ ಇನ್ನೂ ರಿಂಗ್‌ನಲ್ಲೇ ಇತ್ತು. ರಿಂಗೇ ಎರಡು ಬೋಲ್ಟ್ ಸಮೇತ ಎದ್ದು ಬಂದು ಓರೆಯಾಗಿ ನಿಂತಿತ್ತು. ಅಡಿಗೆ ತೂರಿ ನೋಡಿದರೆ, ಕಿತ್ತು ಬರದೇ ಉಳಿದ ವಾಷರ್‌ಗಳೂ ಅಂಚು ಮಡಚಿಕೊಂಡು ಮರದೊಳಗೆ ಹೂತುಹೋಗಿವೆ, ತೂತುಗಳು ಉದ್ದಕ್ಕೆ ಹರಿದಿವೆ, ಬೆರಳಲ್ಲಿ ಒತ್ತಿದರೆ ಪ್ಲೈವುಡ್ ಒದ್ದೆ ರಟ್ಟಿನ ಹಾಗೆ ಪದರ ಬಿಡ್ತಿದೆ. ಬೈಕ್ ತೊಳೆದು ಹಾಗೇ ಹತ್ತಿಸಿದಾಗ ಇಳಿದ ನೀರೆಲ್ಲ ಆ ಬೋಲ್ಟ್ ತೂತಿನಲ್ಲೇ ಇಂಗಿತ್ತು. ನಿಮ್ಮ ಫೋಟೋದ ಉಬ್ಬು ಕೂಡ ಅದೇ ಇರಬಹುದು.

ಹಾಗಾಗಿ ಟಾರ್ಚ್ ಹಿಡಿದು ಅಡಿಗೆ ಹೋಗಿ. ಕಪ್ಪು ಪ್ಲಾಸ್ಟಿಕ್ ಶೀಟ್ ಮುಚ್ಚಿದ್ದರೆ ಆ ಭಾಗದ ಸ್ಕ್ರೂ ಬಿಚ್ಚಿ ಇಳಿಸಿ. ರಿಂಗ್ ಫ್ರೇಮ್‌ಗೆ ಸೇರಿದ್ದರೆ ಸರಿ. ಇಲ್ಲದಿದ್ದರೆ ಎರಡು ಕ್ರಾಸ್ ಮೆಂಬರ್ ಮಧ್ಯೆ ಒಂದು ಉಕ್ಕಿನ ಆಂಗಲ್ ಕೂರಿಸಿ, ರಿಂಗಿನ ಬೋಲ್ಟ್ ಅದಕ್ಕೆ ಇಳಿಯಲಿ. ಅದು ಆಗದಿದ್ದರೆ ಕನಿಷ್ಠ 6 ಮಿ.ಮೀ. ದಪ್ಪದ, ಅಂಗೈಗಿಂತ ಅಗಲದ ಪ್ಲೇಟ್ ಕೊಡಿ. ಪ್ಲೈವುಡ್ ಕೊಳೆತಿದ್ದರೆ ಮಾತ್ರ ಯಾವ ಪ್ಲೇಟೂ ಉಳಿಸಲ್ಲ, ಹಲಗೆ ಬದಲಿಸಲೇಬೇಕು. ಮತ್ತೆ, ಮೇಲಿಂದ ಕಣ್ಣುಮುಚ್ಚಿ ಡ್ರಿಲ್ ಹಾಕಬೇಡಿ. ನೀರಿನ ಟ್ಯಾಂಕ್, ವೈರಿಂಗ್, ಕೆಲವದರಲ್ಲಿ ಗ್ಯಾಸ್ ಪೈಪ್ ಕೂಡ ಅಲ್ಲೇ ಓಡಿರುತ್ತೆ.

ನಾನು ಆಮೇಲೆ ಡಿ-ರಿಂಗ್ ಸಹವಾಸವೇ ಬಿಟ್ಟು ಉದ್ದಕ್ಕೆ ಇ-ಟ್ರ್ಯಾಕ್ (ಕೊಕ್ಕೆ ಸಿಕ್ಕಿಸೋಕೆ ಸಾಲು ಕಿಂಡಿ ಇರೋ ಉಕ್ಕಿನ ಪಟ್ಟಿ) ಹಾಕಿಸಿದೆ, ಸಿಕ್ಕ ಪ್ರತಿ ಕ್ರಾಸ್ ಮೆಂಬರ್‌ಗೂ ಬೋಲ್ಟ್. ಎಳೆತ ಹಂಚಿಹೋಗುತ್ತೆ, ಬೈಕ್ ಬದಲಾದರೆ ಕೊಕ್ಕೆಯ ಜಾಗ ಸರಿಸಬಹುದು. ಬರಿಗಾಲಲ್ಲಿ ಓಡಾಡೋ ಮಕ್ಕಳಿದ್ದರೆ ಅದೇ ಥರದ ಸಣ್ಣ ಪಟ್ಟಿ ಎಲ್-ಟ್ರ್ಯಾಕ್ ಅಂತ ಇದೆ, ಅದನ್ನ ನೆಲದೊಳಗೆ ಹುದುಗಿಸಿ ಹಾಕಿಸಿ, ಎಡವಲ್ಲ.

ಲೆಕ್ಕ ಬೇಕು ಅನ್ನೋರಿಗೆ: ಅಮೆರಿಕದ ವಾಣಿಜ್ಯ ಟ್ರಕ್ ನಿಯಮದಲ್ಲಿ ಸರಕು ಮುಂದಕ್ಕೆ 0.8 ಜಿ, ಪಕ್ಕಕ್ಕೂ ಹಿಂದಕ್ಕೂ 0.5 ಜಿ ತಡೆಯುವ ಹಾಗೆ ಕಟ್ಟಬೇಕು (1 ಜಿ ಅಂದರೆ ಸರಕಿನ ತೂಕದಷ್ಟೇ ಬಲ). ನಮ್ಮ ಸ್ವಂತ ಗಾಡಿಗೆ ಆ ನಿಯಮ ಬರದಿದ್ದರೂ ಅಂದಾಜಿಗೆ ಒಳ್ಳೇದು. 300 ಕೆ.ಜಿ. ಬೈಕು ಜೋರು ಬ್ರೇಕಿಗೆ 240 ಕೆ.ಜಿ. ಬಲದಲ್ಲಿ ಮುಂದಕ್ಕೆ ತಳ್ಳುತ್ತೆ. 45 ಡಿಗ್ರಿಯಲ್ಲಿ ಕಟ್ಟಿದ ಸ್ಟ್ರ್ಯಾಪ್‌ನ ಎಳೆತದಲ್ಲಿ ಅಡ್ಡಕ್ಕೆ ಸಿಗೋದು ಸುಮಾರು ಶೇ. 70 ಮಾತ್ರ. ಪ್ಯಾಕೆಟ್ ಮೇಲೆ ದಪ್ಪಕ್ಷರದಲ್ಲಿರೋ 1500 ಪೌಂಡ್ ನೋಡಿ ಹಿಗ್ಗಬೇಡಿ, ಅದು ಸ್ಟ್ರ್ಯಾಪ್ ಹರಿಯುವ ಭಾರ. ಕೆಲಸಕ್ಕೆ ಬರೋದು ಅದರ ಮೂರನೇ ಒಂದು ಭಾಗ, ಲೇಬಲ್ ಮೇಲೆ ಸಣ್ಣಕ್ಷರದಲ್ಲಿ 500 ಅಂತ ಇರುತ್ತೆ ನೋಡಿ.

ಮುಂದಕ್ಕೆ ತಳ್ಳೋ ಬಲ ತಡೆಯೋದು ಚಾಕ್ (ಮುಂದಿನ ಚಕ್ರ ಹಿಡಿಯೋ ಚೌಕಟ್ಟು) ಕೆಲಸ, ಸ್ಟ್ರ್ಯಾಪ್‌ದಲ್ಲ. ನಿಮ್ಮ ಫೋಟೋದಲ್ಲಿ ಚಾಕ್ ಕಾಣಲಿಲ್ಲ, ಮುಂದಿನ ಚಕ್ರ ನೇರ ಗೋಡೆಗೆ ತಾಗಿದೆ. ಆ ಗೋಡೆಯ ಆ ಕಡೆ ನೀವು ಮಲಗೋದು! ಕಾಂಡಾರ್, ಬ್ಯಾಕ್ಸ್‌ಲಿ ಎರಡೂ ಕಂಪನಿಯ ಚಾಕ್ ಚೆನ್ನಾಗಿವೆ, ಬೈಕ್ ಹತ್ತಿಸಿದ ಕೂಡಲೇ ತಾನಾಗೇ ನಿಲ್ಲುತ್ತೆ, ಒಬ್ಬರೇ ಕಟ್ಟಬಹುದು. ತೆಳು ಪೈಪ್ ಬಗ್ಗಿಸಿ ಮಾಡಿದ ಅಗ್ಗದ್ದು ಬೇಡವೇ ಬೇಡ. ಒಂದೇ ಬೈಕನ್ನ ಪದೇ ಪದೇ ಸಾಗಿಸೋರಿಗೆ ಪಿಟ್‌ಬುಲ್ ಕಂಪನಿಯ ಹಿಡಿಕೆ ಇದೆ, ಹಿಂದಿನ ಆಕ್ಸಲ್‌ನಲ್ಲೇ ಹಿಡಿಯುತ್ತೆ, ಸ್ಟ್ರ್ಯಾಪೇ ಬೇಡ. ಆದರೆ ಬೈಕ್ ಬದಲಾದರೆ ಅದರ ಬಿಡಿಭಾಗವೂ ಬದಲಾಗಬೇಕು.

ಸೈಡ್ ಸ್ಟ್ಯಾಂಡ್ ಎತ್ತಿ. ವಾದ ಬೇಡ. ಸ್ಟ್ಯಾಂಡ್ ಮೇಲಿರೋ ಬೈಕನ್ನ ಕೆಳಗೆ ಎಳೆದರೆ ಆ ಭಾರವೆಲ್ಲ ಒಂದು ಸಣ್ಣ ಬ್ರಾಕೆಟ್ ಮೇಲೆ, ಹಲಗೆಯ ಒಂದು ಬಿಂದುವಿನ ಮೇಲೆ.

ಸ್ಟ್ರ್ಯಾಪ್ ಹ್ಯಾಂಡಲ್ ತುದಿಗೆ ಬೇಡ. ಸಾಫ್ಟ್ ಲೂಪ್ (ಬಟ್ಟೆ ಪಟ್ಟಿಯ ಕುಣಿಕೆ) ತಗೊಂಡು, ಫೋರ್ಕ್‌ನ ಎರಡು ಕೊಳವೆ ಹಿಡಿದಿರೋ ಕೆಳಗಿನ ಟ್ರಿಪಲ್ ಕ್ಲ್ಯಾಂಪ್‌ಗೆ ಸುತ್ತಿ, ಬ್ರೇಕ್ ಹೋಸ್ ಅದರಡಿ ಸಿಕ್ಕಿಹಾಕಿಕೊಳ್ಳದ ಹಾಗೆ. ಅಲ್ಲಿಂದ ಮುಂದಕ್ಕೂ ಹೊರಕ್ಕೂ ಇಳಿಸಿ. ಫೋರ್ಕ್, ಅಂದರೆ ಮುಂದಿನ ಶಾಕ್ ಅಬ್ಸಾರ್ಬರ್, ಮೂರನೇ ಒಂದು ಭಾಗ ಕುಗ್ಗಿದರೆ ಸಾಕು. ರ‍್ಯಾಚೆಟ್ ಕೈಗೆ ಸಿಕ್ಕಿತು ಅಂತ ಕಟಕಟ ಇನ್ನೂ ಎರಡು ಹಲ್ಲು ಹಾಕೋ ಚಟ ಇದೆಯಲ್ಲ, ಅದು ಫೋರ್ಕ್ ಸೀಲಿಗೂ ಕೇಡು, ರಿಂಗಿನ ಬೋಲ್ಟಿಗೂ ಕೇಡು. ತೀರಾ ಸಡಿಲ ಬಿಟ್ಟರೂ ಕಷ್ಟ: ಗುಂಡಿಗೆ ಬಿದ್ದಾಗ ಫೋರ್ಕ್ ಒಳಗೆ ಹೋಗಿ ಸ್ಟ್ರ್ಯಾಪ್ ಜೋತುಬಿದ್ದು ಕೊಕ್ಕೆ ಕಳಚುತ್ತೆ. ಅದಕ್ಕೇ ಲ್ಯಾಚ್ ಇರೋ ಕೊಕ್ಕೆ ತಗೊಳ್ಳಿ. ಡರ್ಟ್ ಬೈಕಿಗೆ ಆಂಕ್ರಾ ಕಂಪನಿಯ ಕ್ಯಾಮ್ ಬಕಲ್ ಸ್ಟ್ರ್ಯಾಪ್ (ರ‍್ಯಾಚೆಟ್ ಇಲ್ಲದೆ ಕೈಯಲ್ಲೇ ಎಳೆದು ಬಿಗಿಯೋದು) ಧಾರಾಳ ಸಾಕು. ನೈಲಾನ್ ಬೇಡ, ಒದ್ದೆಯಾದರೆ ಹಿಗ್ಗುತ್ತೆ, ಪಾಲಿಯೆಸ್ಟರ್ ನೋಡಿ ತಗೊಳ್ಳಿ. ಇಲ್ಲೊಬ್ಬರು ರಾಕ್ ಸ್ಟ್ರ್ಯಾಪ್ ಸಾಕು ಅಂದಿದ್ದಾರೆ. ಅದು ಎಲಾಸ್ಟಿಕ್, ಲಗೇಜ್ ಕಟ್ಟೋದು ಸ್ವಾಮಿ, ಬೈಕ್ ಕಟ್ಟೋದಲ್ಲ.

ಹಿಂದಿನ ಚಕ್ರ ಬಿಡಬೇಡಿ. ಟ್ರೈಲರ್ ಬಾಲ ಕುಣಿಯೋವಷ್ಟು ಬೇರೆ ಯಾವ ಭಾಗವೂ ಕುಣಿಯಲ್ಲ, ಗ್ಯಾರೇಜ್ ಇರೋದು ಅಲ್ಲೇ. ಹಿಂದಿನ ಫುಟ್‌ಪೆಗ್ ಬ್ರಾಕೆಟ್‌ನಿಂದ ಹಿಂದಕ್ಕೆ ಎರಡು, ಚಕ್ರದ ರಿಮ್ಮಿಗೆ ಅಡ್ಡ ಒಂದು. ಗೇರ್ ಫಸ್ಟ್‌ನಲ್ಲಿರಲಿ, ಆದರೆ ಅದನ್ನೇ ಬ್ರೇಕ್ ಅಂದುಕೊಳ್ಳಬೇಡಿ. ಹೊರಟು ಸ್ವಲ್ಪ ದೂರ ಹೋದ ಮೇಲೆ ನಿಲ್ಲಿಸಿ ಎಲ್ಲವನ್ನೂ ಕೈಯಲ್ಲಿ ಎಳೆದು ನೋಡಿ. ಟ್ರಕ್‌ನವರಿಗೆ ಮೊದಲ 50 ಮೈಲಿಯೊಳಗೆ ನೋಡಲೇಬೇಕು ಅಂತ ನಿಯಮವಿದೆ, ನಾನು ಅಷ್ಟು ದೂರವೂ ಕಾಯಲ್ಲ.

ತೂಕದ ಬಗ್ಗೆ ಯಾರೂ ಕೇಳಲಿಲ್ಲ, ಆದರೂ ಹೇಳ್ತೀನಿ. ಬಾಲ್ ಹಿಚ್ ಟ್ರೈಲರ್ (ಎಳೆಯೋ ಗಾಡಿಯ ಹಿಂದಿನ ಗುಂಡಿಗೆ ಸಿಕ್ಕಿಸೋದು) ಆದರೆ ಒಟ್ಟು ತೂಕದ ಶೇ. 10ರಿಂದ 15 ಹಿಚ್ ಮೇಲೆ ಇರಬೇಕು. ಎರಡು ದೊಡ್ಡ ಬೈಕು ಆಕ್ಸಲ್ ಹಿಂದೆ ನಿಂತರೆ ಮೂತಿ ಹಗುರಾಗಿ ಹೆದ್ದಾರಿಯಲ್ಲಿ ಬಾಲ ಬೀಸೋಕೆ ಶುರುಮಾಡುತ್ತೆ. ನೀರಿನ ಟ್ಯಾಂಕ್ ಆಕ್ಸಲ್‌ಗೆ ಮುಂದಿದೆಯಾ ಹಿಂದಿದೆಯಾ ಅನ್ನೋದರ ಮೇಲೆ ತುಂಬಿಸಬೇಕಾ, ಖಾಲಿ ಬಿಡಬೇಕಾ ತೀರ್ಮಾನಿಸಿ. ಬೈಕ್ ಹತ್ತಿಸಿಕೊಂಡೇ ತೂಕದ ಕಟ್ಟೆಗೆ ಹೋಗಿ, ಖಾಲಿ ತೂಕದಿಂದ ಏನೂ ಗೊತ್ತಾಗಲ್ಲ.

ಪೆಟ್ರೋಲ್ ವಾಸನೆ ಬಂದರೆ ಒಳಗೆ ಮಲಗಬೇಡಿ. ಆ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಕೂರುತ್ತೆ. ಗ್ಯಾಸ್ ಫ್ರಿಜ್, ಗೀಸರ್ ಉರಿ ಆರಿಸಿ, ಕಾರ್ಬ್ಯುರೇಟರ್ ಬೈಕಾದರೆ ಪೆಟ್ರೋಲ್ ಕಾಕ್ ಮುಚ್ಚಿ, ಗ್ಯಾರೇಜಿನ ವೆಂಟ್ ತೆರೆದಿಡಿ. ಒಳಗೆ ಎಂಜಿನ್ ಸ್ಟಾರ್ಟ್ ಮಾಡೋ ಮಾತೇ ಇಲ್ಲ.

ಇಳಿಸುವಾಗ ಹಿಂದಿನವನ್ನ ಮೊದಲು ಬಿಚ್ಚಿ. ಮುಂದಿನದು ಬಿಚ್ಚೋಕೆ ಮುಂಚೆ ಒಬ್ಬರು ಬೈಕ್ ಹಿಡಿದು ನಿಂತಿರಲಿ, ಸ್ಟ್ಯಾಂಡ್ ಇಳಿಸಿ, ಬಲಗಡೆಯದನ್ನ ಮೆಲ್ಲಗೆ ಬಿಡಿ. ಎಡಗಡೆಯದನ್ನ ಮೊದಲು ಬಿಟ್ಟರೆ ಬಲಗಡೆಯ ಸ್ಟ್ರ್ಯಾಪ್ ಬೈಕನ್ನ ಸ್ಟ್ಯಾಂಡ್ ಇಲ್ಲದ ಕಡೆಗೇ ಎಳೆದುಕೊಳ್ಳುತ್ತೆ, ಪಕ್ಕದಲ್ಲಿ ನಿಮ್ಮ ಇನ್ನೊಂದು ಬೈಕ್ ಬೇರೆ ನಿಂತಿದೆ.